ಇನ್‌ಬಿಟ್ವೀನ್ ಕೈಯಲ್ಲೇ ಬಿಡಿಸಬೇಕಾ, ಸಾಫ್ಟ್‌ವೇರ್‌ಗೆ ಬಿಟ್ಟರೆ ಸಾಕಾ?

ಪುಣೆ_ಪೆನ್ಸಿಲ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ಅನಿಮೇಷನ್ ಕೋರ್ಸ್ ಎರಡನೇ ವರ್ಷ ಓದುತ್ತಿದ್ದೇನೆ. ಊರು ವಿಜಯಪುರದ ಕಡೆ, ಹುಟ್ಟಿ ಬೆಳೆದದ್ದೆಲ್ಲ ಹಡಪ್ಸರ್‌ನಲ್ಲಿ. ಚಿಕ್ಕವಳಿದ್ದಾಗ ನೋಟ್‌ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದು ಚೆಂಡು ಬಿಡಿಸಿ, ಹೆಬ್ಬೆರಳಲ್ಲಿ ಸರ್ರನೆ ಪುಟ ಬಿಟ್ಟು ಅದನ್ನು ಕುಣಿಸುತ್ತಿದ್ದೆ. ಅದೇ ಹುಚ್ಚು ಇಲ್ಲಿವರೆಗೆ ಕರೆದುಕೊಂಡು ಬಂದಿದೆ.

ಮೊದಲ ವರ್ಷ ಪೇಪರ್ ಮೇಲೆ ಕೆಲಸ ಮಾಡಿಸಿದರು. ಈ ವರ್ಷ ಪೂರ್ತಿ ಟ್ಯಾಬ್ಲೆಟ್. ಅದು ತಪ್ಪು ಅಂತಲ್ಲ, ನನಗೂ ಟ್ಯಾಬ್ಲೆಟ್ ಇಷ್ಟವೇ. ಆದರೆ ಹೋದ ವಾರ ಒಬ್ಬ ಸೀನಿಯರ್ ಹೇಳಿದರು, ಇನ್‌ಬಿಟ್ವೀನ್ ಅಂದರೆ ನಡುವಿನ ಚಿತ್ರಗಳನ್ನು ಕೈಯಲ್ಲಿ ಬಿಡಿಸುತ್ತಾ ಕೂತರೆ ಹಿಂದೆ ಬೀಳುತ್ತೀಯಾ, ಎರಡು ಕೀ ಪೋಸ್ ಅಂದರೆ ಮುಖ್ಯ ಭಂಗಿ ಕೊಟ್ಟರೆ ನಡುವಿನದನ್ನು ಸಾಫ್ಟ್‌ವೇರ್ ತುಂಬುತ್ತೆ, ಇನ್ನು ಸ್ವಲ್ಪ ದಿನಕ್ಕೆ ಕೀ ಪೋಸನ್ನೂ ಎಐ ಮಾಡುತ್ತೆ, ಸುಮ್ನೆ ಪ್ರಾಂಪ್ಟ್ ಬರೆಯೋದು ಕಲಿ ಅಂತ. ಅವತ್ತಿನಿಂದ ಪೆನ್ಸಿಲ್ ಹಿಡಿದರೆ ಕೈ ನಿಂತುಬಿಡುತ್ತಿದೆ. ಅಪ್ಪ ಸಾಲ ಮಾಡಿ ಫೀ ಕಟ್ಟಿದ್ದಾರೆ. ಬೇಡದ ವಿದ್ಯೆ ಕಲಿಯುತ್ತಿದ್ದೇನಾ ಅನ್ನೋ ಭಯ.

ಒಂದು ಪ್ರಯೋಗ ಮಾಡಿದೆ. ನಮ್ಮ ಚಾಳಿನಲ್ಲಿ, ಅಂದರೆ ಸಾಲುಮನೆಗಳ ವಠಾರದಲ್ಲಿ, ಬೆಳಗ್ಗೆ ಆರಕ್ಕೆ ನೀರು ಬರುತ್ತದೆ. ಅವ್ವ ನಲ್ಲಿಯ ಕೆಳಗಿಂದ ತುಂಬಿದ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಳ್ಳುವ ಶಾಟ್. ಬಗ್ಗಿರುವ ಪೋಸ್ ಒಂದು, ಎದ್ದು ನಿಂತ ಪೋಸ್ ಒಂದು, ಎರಡೇ ಬಿಡಿಸಿದೆ. ನಡುವಿನದನ್ನು ಸಾಫ್ಟ್‌ವೇರ್‌ಗೆ ಬಿಟ್ಟೆ. ಬಂತು. ತುಂಬಾ ನುಣುಪಾಗಿ ಬಂತು. ಆದರೆ ಕೊಡ ಖಾಲಿ ಇದ್ದ ಹಾಗೆ ಕಾಣುತ್ತೆ. ಎಲ್ಲಿ ತಪ್ಪಾಗಿದೆ ಅಂತ ಬೆರಳಿಟ್ಟು ತೋರಿಸಲು ಬರುತ್ತಿಲ್ಲ.

ಈ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ.

ಮಾಟುಂಗಾ_ಮಾಮ:

ಮಗಳೇ, ಕೊಡ ಖಾಲಿ ಇದ್ದ ಹಾಗೆ ಕಾಣುತ್ತೆ ಅಂತ ನಿನ್ನ ಕಣ್ಣಿಗೆ ಗೊತ್ತಾಯಿತಲ್ಲ, ನೀನು ಕಲಿತದ್ದು ವ್ಯರ್ಥ ಆಗಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಓದು.

ನಾನು 1984ರಲ್ಲಿ ಉಡುಪಿ ಕಡೆಯಿಂದ ಮುಂಬೈಗೆ ಬಂದವನು. ಹಗಲು ಮಾಟುಂಗಾದ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಬಿಲ್ ಪುಸ್ತಕದ ಹಿಂಬದಿಯಲ್ಲಿ ಗಿರಾಕಿಗಳ ಮುಖ ಬಿಡಿಸುತ್ತಿದ್ದೆ. ಅದನ್ನು ನೋಡಿದ ಒಬ್ಬರು ದಾದರ್‌ನ ಸಣ್ಣ ಸ್ಟುಡಿಯೋ ಒಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಜಾಹೀರಾತಿನ ಅನಿಮೇಷನ್ ಮಾಡುತ್ತಿದ್ದರು. ನನಗೆ ಸಿಕ್ಕ ಮೊದಲ ಕೆಲಸ ಏನು ಗೊತ್ತಾ? ಸೆಲ್ ತೊಳೆಯುವುದು. ಸೆಲ್ ಅಂದರೆ ಪಾರದರ್ಶಕ ಹಾಳೆ. ಬೆಲೆ ಜಾಸ್ತಿ, ಹಾಗಾಗಿ ಶೂಟಿಂಗ್ ಮುಗಿದ ಮೇಲೆ ಬಣ್ಣ ತೊಳೆದು ಮತ್ತೆ ಬಳಸುತ್ತಿದ್ದೆವು.

ಆಮೇಲೆ ಬಣ್ಣ ತುಂಬುವ ಕೆಲಸ. ಗೆರೆ ಸೆಲ್‌ನ ಮುಂಬದಿಗೆ, ಬಣ್ಣ ಹಿಂಬದಿಗೆ. ಬ್ರಷ್ಷಿನ ಗುರುತು ಮುಂದೆ ಕಾಣಬಾರದಲ್ಲ, ಅದಕ್ಕೆ. ಬೆರಳ ಗುರುತು ಬೀಳದ ಹಾಗೆ ಹತ್ತಿಯ ಕೈಗವಸು. ಒಂದು ಫ್ರೇಮಿಗೆ ಮೂರು ನಾಲ್ಕು ಸೆಲ್ ಒಂದರ ಮೇಲೊಂದು ಇಡುತ್ತಿದ್ದೆವು, ದೇಹ ಒಂದರಲ್ಲಿ, ಕೈ ಒಂದರಲ್ಲಿ, ಬಾಯಿ ಇನ್ನೊಂದರಲ್ಲಿ. ಕೆಳಗಿನ ಸೆಲ್‌ನ ಬಣ್ಣ ಮೇಲಿನ ಹಾಳೆಗಳಿಂದಾಗಿ ಸ್ವಲ್ಪ ಮಂಕಾಗುತ್ತಿತ್ತು. ಅದಕ್ಕೇ ಒಂದೇ ಅಂಗಿಗೆ ಒಂದೇ ಕೆಂಪಿನ ಮೂರು ಛಾಯೆ ಬೆರೆಸಿ ಡಬ್ಬಿಗೆ ನಂಬರ್ ಹಾಕಿ ಇಟ್ಟುಕೊಳ್ಳುತ್ತಿದ್ದೆವು. ಮಳೆಗಾಲದಲ್ಲಿ ಇನ್ನೊಂದು ಕಷ್ಟ. ತೇವಕ್ಕೆ ಪೇಪರ್ ಹಿಗ್ಗುತ್ತಿತ್ತು. ಸೋಮವಾರ ಬಿಡಿಸಿದ ಹಾಳೆಗೂ ಗುರುವಾರ ಬಿಡಿಸಿದ ಹಾಳೆಗೂ ಪೆಗ್‌ನಲ್ಲಿ, ಅಂದರೆ ಹಾಳೆ ಕದಲದ ಹಾಗೆ ಹಿಡಿಯುವ ಗೂಟದಲ್ಲಿ, ಕೂಡಿಸಿದರೆ ಕೂದಲೆಳೆ ವ್ಯತ್ಯಾಸ. ತೆರೆಯ ಮೇಲೆ ಬೊಂಬೆ ನಡುಗುತ್ತಿತ್ತು.

ಇದೆಲ್ಲ ಹೋದದ್ದಕ್ಕೆ ನನಗೆ ದುಃಖವಿಲ್ಲ. ಆ ಸೆಲ್ ತೊಳೆದ ಕೈ ನನ್ನದು, ಹಾಗಾಗಿ ಹೇಳುತ್ತೇನೆ. ಒಂದು ಕ್ಲಿಕ್ಕಿಗೆ ಬಣ್ಣ ತುಂಬುತ್ತೆ ಅಂದರೆ ಸಂತೋಷವೇ.

ಮೂರು ವರ್ಷ ಆದ ಮೇಲೆ ನನ್ನನ್ನು ಇನ್‌ಬಿಟ್ವೀನ್‌ಗೆ ಕೂರಿಸಿದರು. ಸೆಕೆಂಡಿಗೆ 24 ಫ್ರೇಮ್, ಎರಡೆರಡು ಫ್ರೇಮಿಗೆ ಒಂದು ಚಿತ್ರ ಅಂದರೂ 12 ಚಿತ್ರ. ಹಿರಿಯ ಅನಿಮೇಟರ್ ಕೀ ಪೋಸ್ ಬಿಡಿಸಿ, ಪಕ್ಕದಲ್ಲಿ ಏಣಿಯ ಹಾಗೆ ಒಂದು ಸಣ್ಣ ಗೆರೆ ಎಳೆದು ಕೊಡುತ್ತಿದ್ದರು. ಏಣಿಯ ಮೆಟ್ಟಿಲು ಎಲ್ಲಿ ಒತ್ತೊತ್ತಾಗಿದೆಯೋ ಅಲ್ಲಿ ನಿಧಾನ, ಎಲ್ಲಿ ದೂರ ದೂರ ಇದೆಯೋ ಅಲ್ಲಿ ವೇಗ. ನಾನು ಬಿಡಿಸಿ ತೋರಿಸಿದರೆ ಐದು ಹಾಳೆ ಬೆರಳುಗಳ ಸಂದಿಯಲ್ಲಿ ಹಿಡಿದು ಫಟಫಟ ತಿರುವುತ್ತಿದ್ದರು. ಮಾತಿಲ್ಲ. ಮೂರನೇ ಹಾಳೆ ತೆಗೆದು ನನ್ನ ಕಡೆ ಚಾಚುತ್ತಿದ್ದರು. ಅಂದರೆ ಇದು ತಪ್ಪು, ಮತ್ತೆ ಬಿಡಿಸು. ಯಾಕೆ ತಪ್ಪು ಅಂತ ನಾನೇ ಹುಡುಕಬೇಕು. ಎರಡು ವರ್ಷ ಹಾಗೆ ಹುಡುಕಿದ ಮೇಲೆ ನಾನು ಅನಿಮೇಟರ್ ಆದೆ.

ಈಗ ಹೋಗಿರುವುದು ಇದು. ಬಣ್ಣದ ಡಬ್ಬಿ ಹೋಯಿತು, ಸರಿ. ಅದರ ಜೊತೆ ಕೆಳಗಿನ ಮೆಟ್ಟಿಲೂ ಹೋಯಿತು. ಹೊರದೇಶದಲ್ಲೂ ಹೀಗೇ ಆಗಿದೆ. 1961ರಲ್ಲಿ ಡಿಸ್ನಿಯವರು ಪೆನ್ಸಿಲ್ ಗೆರೆಯನ್ನು ಸೆಲ್ ಮೇಲೆ ನೇರ ಜೆರಾಕ್ಸ್ ಮಾಡಿ ಒಂದು ಪೂರ್ತಿ ಸಿನಿಮಾ ಮಾಡಿದರು, ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದ ಹೆಂಗಸರ ಕೆಲಸ ಕಮ್ಮಿಯಾಯಿತು. 1990ರಲ್ಲಿ ಅವರೇ ಕಂಪ್ಯೂಟರಿನಲ್ಲೇ ಬಣ್ಣ ತುಂಬಿ ಸೆಲ್ ಇಲ್ಲದ ಸಿನಿಮಾ ತಂದರು. 1995ರಲ್ಲಿ ಟಾಯ್ ಸ್ಟೋರಿ, ಪೂರ್ತಿ ಕಂಪ್ಯೂಟರ್. ಪ್ರತಿ ಸಲವೂ ಕಲೆ ಉಳಿಯಿತು, ಆದರೆ ಹೊಸಬರು ಕೂತು ಕಲಿಯುವ ಒಂದು ಮೂಲೆ ಹೋಯಿತು.

ನಮ್ಮ ಮುಂಬೈಗೆ ಈ ವಿದ್ಯೆ ಬಂದದ್ದೇ ಕೈಯಿಂದ ಕೈಗೆ. 1956ರಲ್ಲಿ ಕೇಂದ್ರ ಸರ್ಕಾರದ ಚಿತ್ರ ಸಂಸ್ಥೆ ಫಿಲ್ಮ್ಸ್ ಡಿವಿಷನ್‌ನಲ್ಲಿ ಕಾರ್ಟೂನ್ ಘಟಕ ಶುರುವಾದಾಗ ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಬಂದು ಇಲ್ಲಿನ ಹುಡುಗರಿಗೆ ಹೇಳಿಕೊಟ್ಟರು. ಹಾಗೆ ಕಲಿತವರಲ್ಲಿ ರಾಮ್ ಮೋಹನ್ ಒಬ್ಬರು. ಆಮೇಲೆ ಅವರ ಕೈಕೆಳಗೆ ಎಷ್ಟು ಜನ ಕಲಿತರು! ಪುಸ್ತಕ ಓದಿ ಬಂದದ್ದಲ್ಲ ಅದು, ಪಕ್ಕದಲ್ಲಿ ಕೂತು ಬಂದದ್ದು.

ಈಗ ನಿನ್ನ ಕೊಡ. ಸಾಫ್ಟ್‌ವೇರ್ ಏನು ಮಾಡಿದೆ ಅಂದರೆ, ಬಗ್ಗಿದ ಅವ್ವನಿಂದ ನಿಂತ ಅವ್ವನವರೆಗೆ ಇಡೀ ಚಿತ್ರವನ್ನು ಒಟ್ಟಿಗೆ ಮೇಲೆತ್ತಿದೆ. ಮೈ, ಕೈ, ಕೊಡ ಎಲ್ಲ ಒಟ್ಟಿಗೆ ಹೊರಟು ಒಟ್ಟಿಗೆ ನಿಂತಿವೆ. ತುಂಬಿದ ಕೊಡ ಹಾಗೆ ಏಳುವುದಿಲ್ಲ. ಮೊದಲು ಕಾಲು ಜಾಗ ಹುಡುಕುತ್ತೆ. ಬೆನ್ನು ಬಿಗಿಯುತ್ತೆ, ತೋಳು ನೆಟ್ಟಗಾಗುತ್ತೆ. ಇಷ್ಟೆಲ್ಲ ಆಗುವಾಗ ಕೊಡ ಇದ್ದಲ್ಲೇ ಇರುತ್ತೆ, ಕೂದಲೆಳೆಯಷ್ಟೂ ಕದಲುವುದಿಲ್ಲ. ಆ ಮೂರು ನಾಲ್ಕು ಚಿತ್ರಗಳಲ್ಲೇ ಅದರ ಭಾರ ಇರುವುದು. ಅದನ್ನು ಒಂದು ಸಲ ಕೈಯಲ್ಲಿ ಬಿಡಿಸು. ಅವ್ವನನ್ನು ನೋಡಿ ಬಿಡಿಸು, ನೆನಪಿನಿಂದ ಬೇಡ.

ಮಲಾಡ್_ರಿಗ್ಗರ್:

ಮಾಮ ಹೇಳಿದ್ದು ಓದಿ ಖುಷಿಯಾಯಿತು, ಆದರೆ ಒಂದು ಕಡೆ ನನ್ನ ತಕರಾರಿದೆ. ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಹನ್ನೊಂದು ವರ್ಷದಿಂದ ತ್ರೀಡಿ ಮಾಡುತ್ತಿದ್ದೇನೆ. ಪೆನ್ಸಿಲ್ ಬಾರದವನು ಅನಿಮೇಟರ್ ಅಲ್ಲ ಅನ್ನೋ ಮಾತು ಈ ಊರಲ್ಲಿ ತುಂಬಾ ಕೇಳಿದ್ದೇನೆ, ಅದು ಸರಿಯಲ್ಲ. ಬೇಕಾದದ್ದು ನೋಡುವ ಕಣ್ಣು. ಪೆನ್ಸಿಲ್ ಆ ಕಣ್ಣು ಬರುವ ಒಂದು ದಾರಿ, ಒಂದೇ ದಾರಿ ಅಲ್ಲ.

ತಂಗಿ, ರಿಗ್ ಅಂದರೆ ಗೊತ್ತಿರುತ್ತೆ ನಿನಗೆ. ಉಳಿದವರಿಗೆ ಹೇಳುತ್ತೇನೆ, ಸೂತ್ರದ ಗೊಂಬೆಗೆ ದಾರ ಕಟ್ಟುವ ಹಾಗೆ ಕಂಪ್ಯೂಟರ್ ಬೊಂಬೆಯ ಒಳಗೆ ಎಲುಬು ಜೋಡಿಸಿ, ಯಾವ ಎಲುಬು ಅಲ್ಲಾಡಿದರೆ ಯಾವ ಚರ್ಮ ಎಷ್ಟು ಎಳೆಯಬೇಕು ಅಂತ ನಿಗದಿ ಮಾಡುವ ಕೆಲಸ. ಒಂದು ಮೊಣಕೈ ಮಡಚಿದಾಗ ಪೈಪ್ ಮುರಿದ ಹಾಗೆ ಕಾಣಬಾರದು ಅಂತ ಮೂರು ದಿನ ಕೂತದ್ದಿದೆ.

ಎಲ್ಲಕ್ಕಿಂತ ಕಷ್ಟ ಸೀರೆ. ಪ್ಯಾಂಟ್ ಶರ್ಟ್ ಅಂದರೆ ಹೊಲಿದ ಬಟ್ಟೆ, ಮೈಗೆ ಅಂಟಿಕೊಂಡಿರುತ್ತೆ. ಸೀರೆ ಹಾಗಲ್ಲ, ಒಂದೇ ಉದ್ದ ಬಟ್ಟೆ, ಸುತ್ತಿ, ನೆರಿಗೆ ಹಿಡಿದು, ಸಿಕ್ಕಿಸಿ, ಹೊದ್ದದ್ದು. ಒಂದು ಶಾಟ್‌ನಲ್ಲಿ ಅಜ್ಜಿ ಮೆಟ್ಟಿಲು ಹತ್ತಬೇಕಿತ್ತು. ಬಟ್ಟೆಯ ಲೆಕ್ಕ ಕಂಪ್ಯೂಟರೇ ಮಾಡುತ್ತೆ, ಸಿಮ್ಯುಲೇಷನ್. ರಾತ್ರಿ ಹಾಕಿಟ್ಟು ಬೆಳಗ್ಗೆ ಬಂದು ನೋಡಿದರೆ ಸೆರಗು ಭುಜದೊಳಗೆ ತೂರಿಹೋಗಿದೆ, ನೆರಿಗೆ ಪಾದಕ್ಕೆ ಸಿಕ್ಕಿಕೊಂಡು ಕುದಿಯುವ ನೀರಿನ ಹಾಗೆ ನಡುಗುತ್ತಿದೆ. ಎರಡು ವಾರ ನಂಬರ್ ಬದಲಾಯಿಸಿದ್ದೇ ಬದಲಾಯಿಸಿದ್ದು. ಕೊನೆಗೆ ಒಂದು ಭಾನುವಾರ ಘಾಟ್ಕೋಪರ್‌ನಲ್ಲಿ ನಮ್ಮ ಅತ್ತೆ ಮೆಟ್ಟಿಲು ಹತ್ತುವುದನ್ನು ನೋಡಿದೆ. ಕಾಲು ಎತ್ತುವ ಮುಂಚೆಯೇ ಎಡಗೈಯ ಎರಡು ಬೆರಳಲ್ಲಿ ನೆರಿಗೆಯನ್ನು ಸ್ವಲ್ಪ ಮೇಲಕ್ಕೆ ಹಿಡಿಯುತ್ತಾರೆ. ಅವರಿಗೇ ಅದು ಗೊತ್ತಿಲ್ಲ! ಸೋಮವಾರ ಬಂದು ಅಜ್ಜಿಯ ಎಡಗೈಗೆ ಆ ಚಲನೆ ಕೊಟ್ಟೆವು. ಸಿಮ್ಯುಲೇಷನ್ ತಾನಾಗಿ ಸರಿಹೋಯಿತು. ತಪ್ಪು ಬಟ್ಟೆಯಲ್ಲಿ ಇರಲೇ ಇಲ್ಲ.

ನಿನ್ನ ಕೊಡವನ್ನೂ ಕಂಪ್ಯೂಟರಿನಲ್ಲೇ ಸರಿ ಮಾಡಬಹುದು. ಗ್ರಾಫ್ ಎಡಿಟರ್ ತೆಗೆದು ಕೊಡದ ಕರ್ವ್ ನೋಡು, ಯಾವ ಫ್ರೇಮಿನಲ್ಲಿ ಕೊಡ ಎಲ್ಲಿದೆ ಅಂತ ತೋರಿಸುವ ಗೆರೆ. ಮಾಮ ಹೇಳಿದ ಏಣಿ ಗೆರೆಯೇ ಅದು, ಬೇರೆ ರೂಪ ಅಷ್ಟೇ. ಕೊಡದ ಗೆರೆ ಸ್ವಲ್ಪ ಹೊತ್ತು ಚಪ್ಪಟೆಯಾಗಿ ಹೋಗಬೇಕು, ಆಮೇಲೆ ಏರಬೇಕು. ನಡುವಿನದನ್ನು ಸಾಫ್ಟ್‌ವೇರ್ ತುಂಬುತ್ತೆ, ನಿಜ. ಯಾವ ಲೆಕ್ಕದಲ್ಲಿ ತುಂಬಬೇಕು ಅಂತ ಹೇಳಬೇಕಾದವರು ನಾವು.

ಇನ್ನೊಂದು. ಕಂಪ್ಯೂಟರ್ ಕೊಡುವ ನುಣುಪು ಬೇಡ ಅಂತ ದೊಡ್ಡವರೇ ಹಿಂದೆ ಬಂದಿದ್ದಾರೆ. 2018ರ ಸ್ಪೈಡರ್-ವರ್ಸ್ ಸಿನಿಮಾ ನೋಡಿದ್ದೀಯಲ್ಲ? ಕಾಡಿನ ದೃಶ್ಯದಲ್ಲಿ ಅನುಭವಿ ಸ್ಪೈಡರ್‌ಮ್ಯಾನ್ ಪೀಟರ್ ಸೆಕೆಂಡಿಗೆ 24 ಪೋಸ್‌ನಲ್ಲಿ ಚಲಿಸುತ್ತಾನೆ, ಹೊಸಬ ಮೈಲ್ಸ್‌ಗೆ ಬರೀ 12. ಅದಕ್ಕೇ ಅವನು ತಡವರಿಸುವ ಹಾಗೆ ಕಾಣುತ್ತಾನೆ. ತ್ರೀಡಿಯಲ್ಲಿ ನಡುವಿನ ಚಿತ್ರ ಪುಕ್ಕಟೆ ಸಿಗುತ್ತೆ, ಸಿಕ್ಕರೂ ಬೇಡ ಅಂದರು.

ಡೊಂಬಿವಲಿ_ಅಮ್ಮ:

ನಾನು ಈ ಕ್ಷೇತ್ರದವಳಲ್ಲ. ಮಗ ಹನ್ನೆರಡನೇ ಕ್ಲಾಸು, ಅನಿಮೇಷನ್‌ಗೇ ಹೋಗುತ್ತೇನೆ ಅನ್ನುತ್ತಾನೆ. ಮೇಲೆ ಬರೆದದ್ದೆಲ್ಲ ಕಲೆಯ ಮಾತು, ಚೆನ್ನಾಗಿದೆ. ಕೆಲಸ ಸಿಗುತ್ತಾ ಅಂತ ಯಾರಾದರೂ ನೇರವಾಗಿ ಹೇಳಿ. ಎಐ ಬಂದ ಮೇಲೆ ಎಲ್ಲ ಮುಗಿಯಿತು ಅಂತ ನಮ್ಮ ಬಿಲ್ಡಿಂಗಿನವರು ಹೇಳುತ್ತಾರೆ.

ಮಲಾಡ್_ರಿಗ್ಗರ್:

ಅಕ್ಕ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಹೊಸಬರಿಗೆ ಮೊದಲು ಸಿಗುತ್ತಿದ್ದ ಕೆಲಸಗಳು ಕಮ್ಮಿಯಾಗುತ್ತಿವೆ. ಗೆರೆ ಕ್ಲೀನ್ ಮಾಡುವುದು, ಸರಳ ಬ್ಯಾಕ್‌ಗ್ರೌಂಡ್, ನೂರು ಸ್ಕೆಚ್ ಹಾಕಿ ಹತ್ತು ಆರಿಸುವ ಕೆಲಸ, ಇವನ್ನು ನಮ್ಮ ಕಡೆಯೇ ಮೊದಲು ನಾಲ್ಕು ಜನ ಮಾಡುತ್ತಿದ್ದರು, ಈಗ ಒಬ್ಬರು. ಇದನ್ನು ಮಗನಿಗೂ ಹೇಳಿ.

ಆದರೆ ಎಲ್ಲ ಮುಗಿಯಿತು ಅನ್ನುವುದು ಸುಳ್ಳು. ಬರೆದದ್ದನ್ನು ವಿಡಿಯೋ ಮಾಡಿ ಕೊಡುವ ಎಐ ನಾನೂ ಬಳಸಿ ನೋಡಿದ್ದೇನೆ. ಮೊದಲ ಸಲ ಕಣ್ಣು ಕುಕ್ಕುತ್ತೆ. ಆಮೇಲೆ ಡೈರೆಕ್ಟರ್ ಹೇಳುತ್ತಾರೆ, ಇದೇ ಶಾಟ್ ಇರಲಿ, ಎಡಗೈ ಮಾತ್ರ ಎರಡು ಫ್ರೇಮ್ ತಡವಾಗಿ ಬರಲಿ ಅಂತ. ಅಲ್ಲಿ ಒದ್ದಾಟ ಶುರು. ಮತ್ತೆ ಕೇಳಿದರೆ ಕೈ ಸರಿಯಾಗುತ್ತೆ, ಅಂಗಿಯ ಗುಂಡಿ ಬದಲಾಗಿರುತ್ತೆ. ನಮ್ಮ ದಿನದ ಕೆಲಸವೆಲ್ಲ ಆ ಎರಡು ಫ್ರೇಮಿನದೇ. ಮಗ ಕಾಲೇಜು ಆರಿಸುವಾಗ ಲ್ಯಾಬಿನಲ್ಲಿ ಎಷ್ಟು ಕಂಪ್ಯೂಟರ್ ಇದೆ ಅಂತ ಕೇಳಬೇಡಿ. ಮಕ್ಕಳ ಕೆಲಸವನ್ನು ಪಕ್ಕದಲ್ಲಿ ಕೂತು ಫ್ರೇಮ್ ಫ್ರೇಮ್ ನೋಡಿ ತಿದ್ದುವವರು ಇದ್ದಾರಾ ಕೇಳಿ.

ಮಡಗಾಂವ್_ಮಳೆ:

ನಾನು 2020ರಲ್ಲಿ ಮುಂಬೈ ಬಿಟ್ಟು ಗೋವಾಕ್ಕೆ ಬಂದೆ. ಅದಕ್ಕೂ ಮುಂಚೆ ಕಲ್ಯಾಣದಿಂದ ಅಂಧೇರಿಗೆ ದಿನಾ ಲೋಕಲ್. ಈಗ ಮಡಗಾಂವ್‌ನಲ್ಲಿ ಮನೆಯಲ್ಲೇ ಕೂತು ಹೊರಗಿನವರಿಗೆ ಕೆಲಸ ಮಾಡುತ್ತೇನೆ. ಮೊದಲು ಇದಕ್ಕೆ ಕ್ಯಾಮೆರಾ ಸ್ಟ್ಯಾಂಡ್ ಬೇಕಿತ್ತು, ಲ್ಯಾಬ್ ಬೇಕಿತ್ತು, ಆ ಊರಲ್ಲೇ ಇರಬೇಕಿತ್ತು. ಈಗ ಬೇಡ. ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಸಾಫ್ಟ್‌ವೇರ್‌ಗೆ ದುಡ್ಡಿಲ್ಲ ಅಂತಲೂ ಹೆದರಬೇಡ ತಂಗಿ. ಕ್ರಿಟಾ ಪುಕ್ಕಟೆ. ಓಪನ್‌ಟೂನ್ಜ್ 2016ರಿಂದ ಪುಕ್ಕಟೆ. ಬ್ಲೆಂಡರ್ ಪುಕ್ಕಟೆ, ಅದರಲ್ಲಿ ಗ್ರೀಸ್ ಪೆನ್ಸಿಲ್ ಅಂತಿದೆ, ತ್ರೀಡಿ ಜಾಗದೊಳಗೇ ಕೈಯಲ್ಲಿ ಗೆರೆ ಎಳೆಯಬಹುದು. ಲಾಟ್ವಿಯಾ ಅನ್ನೋ ಸಣ್ಣ ದೇಶದ ನಿರ್ದೇಶಕನೊಬ್ಬ ಬ್ಲೆಂಡರ್‌ನಲ್ಲೇ ಬೆಕ್ಕಿನ ಕಥೆ ಮಾಡಿ, ಒಂದೂ ಮಾತಿಲ್ಲದ ಸಿನಿಮಾ ಅದು, ಫ್ಲೋ ಅಂತ, 2025ರಲ್ಲಿ ಆಸ್ಕರ್ ತಗೊಂಡ. ನಮ್ಮ ಮುಂಬೈಯಲ್ಲೇ ಗೀತಾಂಜಲಿ ರಾವ್ ಅವರ ಬಾಂಬೆ ರೋಸ್ ಇದೆ, 2019ರದು. ಕಂಪ್ಯೂಟರ್ ಮೇಲೆಯೇ ಮಾಡಿದ್ದು, ಆದರೆ ಫ್ರೇಮ್ ಫ್ರೇಮ್ ಕೈಯಲ್ಲಿ ಬಣ್ಣ ಹಚ್ಚಿದ್ದು. ಕೈ ಬೇರೆ ಕಂಪ್ಯೂಟರ್ ಬೇರೆ ಅಂತ ನಿನ್ನ ಸೀನಿಯರ್ ಎಳೆದ ಗೆರೆ ಇದೆಯಲ್ಲ, ಕೆಲಸ ಮಾಡುವವರು ಯಾರೂ ಅದನ್ನು ನೋಡಿ ನಡೆಯುವುದಿಲ್ಲ.

ನನಗೆ ಇಲ್ಲಿ ಇಲ್ಲದಿರುವುದು ಒಂದೇ, ಬೆನ್ನ ಹಿಂದೆ ನಿಂತು ನೋಡುವವರು. ಮನೆಯಲ್ಲಿ ತಪ್ಪು ಮಾಡಿದರೆ ಹೇಳುವವರಿಲ್ಲ. ಅದಕ್ಕೆ ಎರಡು ವರ್ಷದಿಂದ ಭಾನುವಾರ ಬೆಳಗ್ಗೆ ನಾಲ್ಕೈದು ಹೊಸ ಹುಡುಗ ಹುಡುಗಿಯರ ಜೊತೆ ವಿಡಿಯೋ ಕಾಲ್ ಮಾಡುತ್ತೇನೆ. ಒಬ್ಬೊಬ್ಬರೂ ಒಂದು ಸಣ್ಣ ಶಾಟ್ ತೋರಿಸಬೇಕು, ಎಲ್ಲರೂ ಫ್ರೇಮ್ ಫ್ರೇಮ್ ನೋಡಬೇಕು. ಮಾಮ ಹೇಳಿದ ಮೂರನೇ ಹಾಳೆ ನಾವು ಅಲ್ಲಿ ಹುಡುಕುತ್ತೇವೆ. ಬರುವುದಾದರೆ ಬಾ. ಮಾಮ, ನೀವೂ ಬಂದರೆ ನಮ್ಮ ಪುಣ್ಯ.

ಪುಣೆ_ಪೆನ್ಸಿಲ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂಬತ್ತು ದಿನ ಆಯಿತು, ಏನು ಮಾಡಿದೆ ಅಂತ ಹೇಳಲು ಬಂದೆ.

ಮೊದಲ ದಿನ ಅವ್ವನನ್ನು ಫೋನಿನಲ್ಲಿ ಶೂಟ್ ಮಾಡಿದೆ. ಕ್ಯಾಮೆರಾ ಕಂಡ ಕೂಡಲೇ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಎತ್ತಿದರು. ಎರಡನೇ ದಿನವೂ ಅದೇ. ಮೂರನೇ ದಿನ ಅವ್ವನಿಗೆ ಹೇಳಿ ಫೋನನ್ನು ಕಿಟಕಿಯಲ್ಲಿಟ್ಟು ನಾನು ಒಳಗೆ ಹೋದೆ, ಆಗ ಸರಿಯಾಗಿ ಸಿಕ್ಕಿತು.

ಮಾಮ, ನೀವು ಹೇಳಿದ್ದು ಅಕ್ಷರಶಃ ನಿಜ. ಅವ್ವ ಬಲಗೈಯಲ್ಲಿ ಕೊಡದ ಕಂಠ ಹಿಡಿದ ಮೇಲೆ ಎಡಗಾಲು ಹೊರಗೆ ಜಾರುತ್ತೆ. ಖಾಲಿ ಇರುವ ಎಡಗೈ ಪಕ್ಕಕ್ಕೆ ಚಾಚುತ್ತೆ, ಕೊಡಕ್ಕಿಂತ ಮೊದಲೇ. ಅಷ್ಟು ಹೊತ್ತೂ ಕೊಡ ಇದ್ದಲ್ಲೇ. ಎಣಿಸಿದೆ, ಎಂಟು ಫ್ರೇಮ್. ಇಷ್ಟು ವರ್ಷ ದಿನಾ ನೋಡಿದ್ದೇನೆ, ಆ ಎಡಗೈ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಪೇಪರ್ ಮೇಲೆ 22 ಚಿತ್ರ ಬಿಡಿಸಿದೆ. ಸ್ಕ್ಯಾನ್ ಮಾಡಿ ಓಡಿಸಿ ಅವ್ವನಿಗೇ ತೋರಿಸಿದೆ. ಕೊಡ ಸೊಂಟಕ್ಕೆ ಬಂದು ಕೂತಾಗ ನೀರು ಜೋರಾಗಿ ತುಳುಕುವ ಹಾಗೆ ಬಿಡಿಸಿದ್ದೆ, ಚೆನ್ನಾಗಿ ಕಾಣುತ್ತೆ ಅಂತ. ಅವ್ವ ಒಂದೇ ಮಾತು ಹೇಳಿದರು, "ಇದು ಅರ್ಧ ಕೊಡ ಐತಿ. ತುಂಬಿದ ಕೊಡ ತುಳುಕಂಗಿಲ್ಲ." ಗಾದೆ ಹೇಳುತ್ತಿದ್ದಾರೆ ಅಂದುಕೊಂಡೆ. ಅಲ್ಲ, ನನ್ನ ಚಿತ್ರ ತಿದ್ದುತ್ತಿದ್ದರು. ವಿಡಿಯೋ ಮತ್ತೆ ನೋಡಿದೆ. ಬಾಯಿಯ ಅಂಚಿನಿಂದ ನಾಲ್ಕು ಹನಿ ಹೊರಗೆ ಬೀಳುತ್ತೆ, ಅಷ್ಟೇ. ಕೊನೆಯ ಐದು ಚಿತ್ರ ಮತ್ತೆ ಬಿಡಿಸಿದೆ.

ಮಲಾಡ್ ಅಣ್ಣ, ಅದೇ ಲೆಕ್ಕ ಸಾಫ್ಟ್‌ವೇರ್‌ಗೂ ಹಾಕಿ ನೋಡಿದೆ. ಕೊಡದ ಕರ್ವ್ ಎಂಟು ಫ್ರೇಮ್ ಚಪ್ಪಟೆ ಮಾಡಿ, ಎಡಗೈಯನ್ನು ಮೊದಲು ಹೊರಡಿಸಿದೆ. ಈಗ ಅದರಲ್ಲೂ ಭಾರ ಬಂತು! ಭಾನುವಾರದ ಕಾಲ್‌ಗೆ ಬರುತ್ತೇನೆ. ಎರಡನ್ನೂ ಇಲ್ಲಿ ಹಾಕಿದ್ದೇನೆ, ನೋಡಿ.

ಮಾಟುಂಗಾ_ಮಾಮ:

ನೋಡಿದೆ ಮಗಳೇ, ನಾಲ್ಕೈದು ಸಲ ನೋಡಿದೆ. ನಿನ್ನ ಅವ್ವನಿಗೆ ನನ್ನ ನಮಸ್ಕಾರ ಹೇಳು.

9 ಮತ್ತು 10ನೇ ಚಿತ್ರ ತೆಗೆದು ನೋಡು. ಕೊಡ ನೆಲ ಬಿಡುವ ಜಾಗ ಅದು. ಬಲಭುಜ ಕೆಳಗೆ ಎಳೆದಿದೆ, ಸರಿ. ಆದರೆ ತಲೆ ಇನ್ನೂ ನೆಟ್ಟಗಿದೆ. ಭುಜ ಬಲಕ್ಕೆ ಹೋದರೆ ತಲೆ ಎಡಕ್ಕೆ ವಾಲಬೇಕು, ಸ್ವಲ್ಪವೇ. ಕಿಟಕಿಯ ವಿಡಿಯೋದಲ್ಲಿ ಇರುತ್ತೆ, ಹುಡುಕು. ಆ ಎರಡು ಹಾಳೆ ಮತ್ತೆ ಬಿಡಿಸಿಕೊಂಡು ಬಾ, ಭಾನುವಾರ ನಾನೂ ಇರುತ್ತೇನೆ.